ಉಳುಕಿಲ್ಲದ ಭುಜ

"ಉಳ್ಕು ನೀವೋದ ಬುಟ್ಬುಟ್ಟೆ ಕಣವ್ವ. ಬ್ಯಾರೆ ಯಾರ್ತಾವನಾರ ಓಗು."

ಪುಟ್ಟತಾಯಮ್ಮ ಹೀಗೆಂದು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಚಿನಕುರಳಿಯ ಸುತ್ತಲ ಹತ್ತೂರಿಗೆ ಉಳುಕು ನೀವಿದ ಕೈಗಳು ಅವು. ನಾಲ್ಕು ದಿನದಿಂದ ಯಾರ ಮೈಯನ್ನೂ ಮುಟ್ಟಿರಲಿಲ್ಲ.

ನಾನು ಹೊಸ್ತಿಲಾಚೆ ನಿಂತಿದ್ದೆ. ಅಂಗಳದಲ್ಲಿ ಅವರ ಮಗ ಚಿಕ್ಕಸ್ವಾಮಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ನನ್ನನ್ನು ಕರೆತಂದ ದೀಪ ಓಣಿಯ ತಿರುವಿನಲ್ಲೇ, ಹೊಂಗೆ ಮರದ ಕೆಳಗೆ, ಸ್ಕೂಟರ್ ನಿಲ್ಲಿಸಿಕೊಂಡು ಉಳಿದಿದ್ದಳು. ಗಂಡನನ್ನು ಪೊಲೀಸರು ಕರೆದುಕೊಂಡು ಹೋದ ಮೇಲೆ ಈ ಊರಲ್ಲಿ ಯಾರ ಹೊಸ್ತಿಲನ್ನೂ ತುಳಿಯುವುದಿಲ್ಲ ಎಂದಿದ್ದಳು. ಮನೆಯ ಬಾಗಿಲು ಅಲ್ಲಿಂದ ಕಾಣುವುದಿಲ್ಲ.

ಮೊಬೈಲು ಎರಡೂಕಾಲು ತೋರಿಸುತ್ತಿತ್ತು. ನನಗೆ ಕೊಟ್ಟಿದ್ದ ಗಡುವು ನಾಲ್ಕು ಗಂಟೆ.

ಭಾನುವಾರ ಸಂಜೆ ಆರೂಕಾಲಿಗೆ ದೀಪಳ ಗಂಡ ತಿಮ್ಮೇಶ, ಬಸ್ ಸ್ಟಾಂಡಿನಲ್ಲಿ ಇಪ್ಪತ್ತು ಜನರ ಎದುರು, ಜಲ್ಲಿ ಕ್ರಷರಿನಲ್ಲಿ ಲಾರಿ ತೂಗುವ ರವೀಂದ್ರನ ಎದೆಗೆ ಕೈಹಾಕಿ ನೂಕಿದ. ರವೀಂದ್ರ ಕಲ್ಲುಬೆಂಚಿನ ಮೇಲೆ ಬಿದ್ದವನು ಏಳಲಿಲ್ಲ. ಏಳು ಗಂಟೆಗೆ, ಆಸ್ಪತ್ರೆಯ ದಾರಿಯಲ್ಲಿ, ಇಬ್ಬರ ಮಧ್ಯೆ ಆಟೋದಲ್ಲಿ ಕೂತಂತೆಯೇ ಪ್ರಾಣ ಬಿಟ್ಟ. ಇಷ್ಟು ತಿಳಿದಿದ್ದರೆ ಇವತ್ತಿನ ಕಥೆಗೆ ಸಾಕು.

ನಾನು ಪೊಲೀಸಿನವಳಲ್ಲ. ಮೂವತ್ನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸಾಗಿದ್ದು ಹೋದ ವರ್ಷ ನಿವೃತ್ತಳಾದ ಸರಸಮ್ಮ. ಶ್ರೀರಂಗಪಟ್ಟಣದಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ, ಮಹಡಿ ಹತ್ತಿದರೆ ಕರಿಘಟ್ಟ ಕಾಣುತ್ತದೆ. ಅರ್ಧ ಜಿಲ್ಲೆ ನನಗೆ ಪರಿಚಯ, ಆದರೆ ಎಲ್ಲರೂ ಮಲಗಿದ್ದಾಗಿನ ಪರಿಚಯ. ಎದ್ದು ಓಡಾಡುವ ಜನಕ್ಕೆ ನನ್ನ ಮುಖ ನೋಡಿದರೆ ಡ್ರಿಪ್ಪಿನ ಬಾಟಲಿ ನೆನಪಾಗುತ್ತದೋ ಏನೋ, ಸಂತೆಯಲ್ಲಿ ಕಂಡರೆ ಆಚೆ ಬದಿಗೆ ದಾಟುತ್ತಾರೆ. ತಪ್ಪೇನಿಲ್ಲ, ನಾನಾದರೂ ಹಾಗೇ ಮಾಡುತ್ತಿದ್ದೆ.

ದೀಪ ಮಾತ್ರ ದಾಟಿ ಈ ಕಡೆಗೆ ಬಂದಳು. ಸೋಮವಾರ ಬೆಳಿಗ್ಗೆ ಬಾಗಿಲು ತಟ್ಟಿ, ನನ್ನ ಹೆರಿಗೆ ಮಾಡಿಸಿದ್ದು ನೀವೇ, ನನ್ನ ಗಂಡನನ್ನು ಉಳಿಸಿಕೊಡಿ ಎಂದಳು. ಆಮೇಲೆ ದಿನವೂ ಬಂದಳು, ಕೈಯಲ್ಲಿ ಮುದ್ದೆ, ಅವರೆಕಾಳು ಸಾರಿನ ಸ್ಟೀಲ್ ಕ್ಯಾರಿಯರು ಹಿಡಿದು. ಒಂಟಿಯಾಗಿ ತಿಂದು ತಿಂದು ಊಟಕ್ಕೆ ರುಚಿ ಇದೆಯೆಂಬುದೇ ಮರೆತಿತ್ತು ನನಗೆ. ಅವಳು ಎದುರು ಕೂತು ಬಡಿಸಿದಳು. ಮೊದಲ ದಿನದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ, ತೊಳೆದು ಅದರಲ್ಲಿ ನಾಲ್ಕು ಅಚ್ಚು ಬೆಲ್ಲ ಹಾಕಿಟ್ಟಿದ್ದೆ. ಕೊಡಲು ಈವತ್ತೂ ಮರೆತೆನೋ, ಮರೆತ ಹಾಗೆ ಮಾಡಿದೆನೋ, ಹೇಳಲಾರೆ.

ಬೆಳಿಗ್ಗೆ ಪಾಂಡವಪುರದ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಹೇಮಶ್ರೀ ಮರಣೋತ್ತರ ವರದಿಯನ್ನು ನನ್ನ ಮುಂದಿಟ್ಟಿದ್ದಳು. ಎಡಗಡೆ ಎರಡು ಪಕ್ಕೆಲುಬು ಮುರಿದಿವೆ. ಅದರ ಹಿಂದಿರುವ ಗುಲ್ಮ, ರಕ್ತ ತುಂಬಿದ ಮೆತ್ತನೆಯ ಅಂಗ, ಸೀಳಿದೆ. ಹೊಟ್ಟೆಯೊಳಗೆ ಎರಡೂವರೆ ಲೀಟರ್ ರಕ್ತ. ಮೈಮೇಲೆ ತೊಟ್ಟು ರಕ್ತವಿಲ್ಲ.

ನೂಕಿದ, ಬಿದ್ದ, ಸತ್ತ, ಇದರಲ್ಲಿ ಪತ್ತೆ ಮಾಡುವುದೇನಿದೆ ಎಂದಳು ಹೇಮಶ್ರೀ. ಹುಡುಗಿ ಕೆಟ್ಟವಳಲ್ಲ. ವರದಿಯನ್ನು ಕೊನೆಯ ಸಾಲಿನವರೆಗೂ ಓದುವ ಪೊಲೀಸರನ್ನು ನಾನು ಹೆಚ್ಚು ಕಂಡಿಲ್ಲ.

ಅವನನ್ನು ಎತ್ತಿದವರ ಹೇಳಿಕೆ ತೆಗೆಯಲು ಹೇಳಿದೆ. ಬಿದ್ದ ಕೂಡಲೇ ಎತ್ತಿದ ಇಬ್ಬರೂ ಒಂದೇ ಮಾತು ಹೇಳಿದ್ದರು: ಕೈಕಾಲು ಆಗಲೇ ತಣ್ಣಗಿತ್ತು, ಬೆವರಿನಿಂದ ಒದ್ದೆಯಾಗಿತ್ತು.

ಅವಳು ಮಂಡ್ಯದ ಕಡೆಯವಳು, ಅದಕ್ಕೆ ನಾಲೆಯ ಲೆಕ್ಕದಲ್ಲೇ ಹೇಳಿದೆ. ನಾಲೆಯಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ಕೊನೆಯ ಭಾಗದ ಗದ್ದೆ. ತೂಬಿನ ಹತ್ತಿರದವರಿಗೆ ಗೊತ್ತೇ ಆಗುವುದಿಲ್ಲ. ಮೈಯೊಳಗೆ ರಕ್ತ ಸೋರತೊಡಗಿದರೂ ಅಷ್ಟೆ. ದೇಹ ಕೈಕಾಲಿನ, ಚರ್ಮದ ತೂಬುಗಳನ್ನು ಮುಚ್ಚಿ, ಉಳಿದ ರಕ್ತವನ್ನು ಹೃದಯಕ್ಕೂ ಮಿದುಳಿಗೂ ತಿರುಗಿಸುತ್ತದೆ. ಹೃದಯ ಓಡುತ್ತದೆ, ಬಾಯಾರುತ್ತದೆ, ಆಕಳಿಕೆ ಬರುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ. ಗಟ್ಟಿಮುಟ್ಟಾದ ಗಂಡಸು ಮೂರನೇ ಒಂದು ಭಾಗ ರಕ್ತ ಹೋದರೂ ನಡೆದಾಡುತ್ತಾನೆ, ಮಾತಾಡುತ್ತಾನೆ. ಆಮೇಲೆ ಒಂದೇ ಸಲಕ್ಕೆ ಕುಸಿಯುತ್ತಾನೆ. ಆಗ ಪಕ್ಕದಲ್ಲಿದ್ದವನ ಮೇಲೆ ಅಪವಾದ.

"ನೀವು ಹೇಳೋದು ನಿಜ ಇರಬಹುದು ಮೇಡಂ," ಎಂದಳು ಹೇಮಶ್ರೀ. "ಆದ್ರೆ ಜಡ್ಜ್ ಮುಂದೆ ನಾಲೆ ಕಥೆ ಹೇಳಕ್ಕಾಗಲ್ಲ. ಆರು ಗಂಟೆಗೆ ಮುಂಚೆನೇ ಅವನು ಹೀಗಿದ್ದ ಅಂತ ಹೇಳೋ ಒಬ್ಬರನ್ನ ತನ್ನಿ. ಪೊಲೀಸ್ ಕಸ್ಟಡಿ ಇವತ್ತಿಗೆ ಮುಗಿಯುತ್ತೆ, ನಾಲ್ಕು ಗಂಟೆಗೆ ತಿಮ್ಮೇಶನ್ನ ಮತ್ತೆ ಕೋರ್ಟಿಗೆ ಕರ್ಕೊಂಡು ಹೋಗ್ತೀನಿ."

ಕೊಲೆಯ ಕೇಸಿನಲ್ಲಿ ಕೋರ್ಟಿನಿಂದ ಜೈಲಿಗೆ ಹೋದವನು ಮನೆಗೆ ಬರುವುದು ಎಷ್ಟು ತಿಂಗಳಿಗೋ ಯಾರಿಗೂ ಗೊತ್ತಿಲ್ಲ.

ಬಸ್ ಸ್ಟಾಂಡಿನ ಟೀ ಅಂಗಡಿಯವಳು ಐದೂಮುಕ್ಕಾಲಿಗೆ ರವೀಂದ್ರ ಮೂರು ಚೊಂಬು ನೀರು ಕುಡಿದದ್ದನ್ನು ಒಪ್ಪಿದಳು. ಬಾಯಿ ಬಾಯಿ ಬಿಡುತ್ತ ಆಕಳಿಸುತ್ತಿದ್ದನಂತೆ, ತೂರಾಡುತ್ತಿದ್ದನಂತೆ. ಕುಡಿದಿದ್ದಾನೆ ಅಂತ ಬೆಂಚಿನಿಂದ ಎಬ್ಬಿಸಿ ಕಳಿಸಿದೆ ಎಂದಳು. ಕುಡಿದ ವಾಸನೆ ಇತ್ತಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಇರಲಿಲ್ಲ, ಎಡ ಭುಜದ ಹತ್ತಿರ ಹರಳೆಣ್ಣೆ ವಾಸನೆ ಇತ್ತು ಎಂದಳು. ಠಾಣೆಗೆ ಬಂದು ಹೇಳೆಂದರೆ ಮಾತ್ರ ಒಲೆ ಊದಲು ಶುರು ಮಾಡಿದಳು.

ಚಿನಕುರಳಿಯಲ್ಲಿ ಭುಜಕ್ಕೆ ಹರಳೆಣ್ಣೆ ಬಿತ್ತೆಂದರೆ ಪುಟ್ಟತಾಯಮ್ಮನ ಮನೆಯಲ್ಲೇ ಬಿದ್ದಿರಬೇಕು.

ಮುದುಕಿ ಬಾಗಿಲು ಹಾಕಿಕೊಳ್ಳುವ ಮೊದಲು ನಾನು ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತುಬಿಟ್ಟೆ. ಬಲ ಭುಜಕ್ಕೆ ಹೊದ್ದಿದ್ದ ಸೆರಗು ಜಾರಿಸಿ, ನನಗೂ ಎರಡು ವರ್ಷದಿಂದ ನೋವು, ನೀವದಿದ್ದರೂ ಪರವಾಗಿಲ್ಲ, ಎಲ್ಲಿ ಅಂತ ಮುಟ್ಟಿ ಹೇಳಿ ಎಂದೆ. ಸುಳ್ಳಾಗಿರಲಿಲ್ಲ. ರೋಗಿಗಳನ್ನು ಹೊರಳಿಸಿ ಹೊರಳಿಸಿ ಸವೆದ ಭುಜ.

ಹಿಂದೆ ಸೆರಗು ಸರಿದ ಸದ್ದಾಯಿತು. ಆಮೇಲೆ ಬೆರಳುಗಳು ಬಂದವು.

ನಿವೃತ್ತಿಯ ದಿನ ಹಾರ ಹಾಕಿದವರ ಕೈ ಕುತ್ತಿಗೆಗೆ ತಗುಲಿದ್ದೇ ಕೊನೆ, ಆಮೇಲೆ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಅದು ಮುಟ್ಟಿದಾಗಲೇ ಗೊತ್ತಾಯಿತು. ಕಣ್ಣು ತುಂಬಿತು, ಒರೆಸಿಕೊಳ್ಳಲೂ ಮನಸ್ಸಾಗಲಿಲ್ಲ.

ಎಣ್ಣೆ ತರಬೇಕಿತ್ತು ನೀನು ಎಂದು ಅವರು ಹಿಂದಿನಿಂದ ಗೊಣಗಿದರು. ನೋವಿರುವವರ ಮನೆಯಿಂದಲೇ ಎಣ್ಣೆ ಬರಬೇಕು, ತಮ್ಮ ಮನೆಯದು ಹಾಕಬಾರದು, ಅತ್ತೆ ಕಲಿಸಿದ ನೇಮ. ಕಾಸು ಮುಟ್ಟುವಂತಿಲ್ಲ. ಹೇಗಾಯಿತೆಂದು ಕೇಳುವಂತಿಲ್ಲ. ಎಣ್ಣೆ ತಂದ ಬಟ್ಟಲು ಇಲ್ಲೇ ಗೂಡಿನಲ್ಲಿರಬೇಕು. ನೋವು ಹೋದ ದಿನ ಬಂದು, ನೊಂದಿದ್ದ ಕೈಯಿಂದಲೇ ಬಟ್ಟಲೆತ್ತಿಕೊಂಡು ಹೋಗಬೇಕು.

ಬೆರಳು ಒಂದು ಕಡೆ ನಿಂತು ಒತ್ತಿತು. ನಾನು ಹಲ್ಲು ಕಚ್ಚಿದೆ.

"ಇಲ್ಲೈತೆ. ನಿಂದು ನಿಜವಾದ ನೋವು," ಎಂದರು. ಕೈ ಹಾಗೇ ನಿಂತಿತು. "ಅವ್ನ ಬುಜದಲ್ಲಿ ಏನೂ ಇರ್ನಿಲ್ಲ ಕಣವ್ವ."

ನಾನು ತಿರುಗಲಿಲ್ಲ. ತಿರುಗಿದರೆ ಮಾತು ನಿಲ್ಲುತ್ತಿತ್ತು. ವಾರ್ಡಿನಲ್ಲಿ ಕಲಿತ ವಿದ್ಯೆ ಇದು. ಜನ ನಿಜ ಹೇಳುವುದು ನಮ್ಮ ಬೆನ್ನಿಗೆ.

ಭಾನುವಾರ ನಾಲ್ಕು ಗಂಟೆಯ ಹೊತ್ತು. ಡೇರಿಗೆ ಹಾಲು ಹಾಕುವ ಮುಂಚೆ, ಮಗ ಇನ್ನೂ ಮನೆಗೆ ಬಂದಿರಲಿಲ್ಲ. ರವೀಂದ್ರ ಬಟ್ಟಲು ಹಿಡಿದುಕೊಂಡು ಬಂದ, ಎಡ ಭುಜದ ತುದಿ ಕಿತ್ತು ಬರುತ್ತಿದೆ ಎಂದ. ಚಾಪೆಯ ಮೇಲೆ ಮಲಗಿಸಿದರೆ ನೋವು ಹೆಚ್ಚಾಯಿತು, ಕೂರಿಸಿದರೆ ಕಮ್ಮಿಯಾಯಿತು. ಭುಜವನ್ನು ಎತ್ತಿದರು, ತಿರುಗಿಸಿದರು, ಒತ್ತಿದರು. ನಲವತ್ತು ವರ್ಷದಲ್ಲಿ ಬೆರಳಿಗೆ ಸಿಗದ ಉಳುಕಿಲ್ಲ, ಇಲ್ಲಿ ಏನೂ ಸಿಗಲಿಲ್ಲ. ಮೈ ಮಾತ್ರ ಕಲಸಿಟ್ಟ ಹಿಟ್ಟಿನ ಹಾಗೆ ತಣ್ಣಗೆ, ಒದ್ದೆ. ನೀರು ಕೇಳಿದ, ಕೊಟ್ಟರು. ಮತ್ತೆ ಕೇಳಿದ.

"ಇದು ನನ್ ಕೈಗ್ ಸಿಗದಲ್ಲ, ಆಸ್ಪತ್ರೆಗ್ ಓಗು ಅಂದೆ. ಅವ ನಗಾಡ್ದ. ಓಯ್ತೀನಿ ಬುಡವ್ವ, ಬಸ್ಸು ಬರ್ಲಿ ಅಂದ."

ಬಸ್ಸಿಗೆ ಕಾಯುತ್ತಿದ್ದ ಅವನು. ಅವನನ್ನೇ ಟೀ ಅಂಗಡಿಯವಳು ಎಬ್ಬಿಸಿ ಕಳಿಸಿದ್ದು.

ಅವರಿಗೆ ಬಿಡಿಸಿ ಹೇಳಿದೆ. ಗುಲ್ಮ ಒಡೆದಾಗ ರಕ್ತ ಹೊಟ್ಟೆಯ ಮೇಲ್ಗಡೆ ಇರುವ ಪೊರೆಗೆ ತಾಗುತ್ತದೆ. ಆ ಪೊರೆಯ ನರವೂ ಭುಜದ ತುದಿಯ ನರವೂ ಒಂದೇ ಬುಡದ್ದು, ಅದಕ್ಕೇ ಏಟು ಪಕ್ಕೆಗೆ ಬಿದ್ದರೂ ನೋವು ಎಡ ಭುಜದಲ್ಲಿ. ಮಲಗಿದರೆ ರಕ್ತ ಆ ಕಡೆ ಹರಿದು ನೋವು ಹೆಚ್ಚುತ್ತದೆ. ನಾಲ್ಕು ಗಂಟೆಗೇ ಅವನೊಳಗೆ ರಕ್ತ ಸೋರುತ್ತಿತ್ತು, ಪಕ್ಕೆಗೆ ಏಟು ಬಿದ್ದದ್ದು ಅದಕ್ಕೂ ಮುಂಚೆ. ನೀವು ಹೆದರಿರುವಂತೆ ನಿಮ್ಮ ನೀವುವಿಕೆಯಿಂದ ಸತ್ತವನಲ್ಲ ಅವನು. ತಿಮ್ಮೇಶ ನೂಕಿದ್ದಕ್ಕೂ ಅಲ್ಲ. ಅದನ್ನು ಕಂಡುಹಿಡಿದದ್ದು ನಿಮ್ಮ ಬೆರಳೊಂದೇ.

ಠಾಣೆಯ ಮಾತೆತ್ತಿದ ಕೂಡಲೇ ಕೈ ಮತ್ತೆ ಸೆರಗಿನೊಳಗೆ ಹೋಯಿತು. ನನ್ನ ಹತ್ತಿರ ಬಂದಿದ್ದ ಎಂದು ಬರೆಸಿದರೆ ನಾನೇ ಕೊಂದೆ ಎಂದು ಬರೆದುಕೊಳ್ಳುತ್ತಾರೆ ಎಂದರು. ಅವನು ಇಲ್ಲಿಂದ ಹೊರಟದ್ದನ್ನು ಕಂಡ ಪಕ್ಕದ ಮನೆಯವರು ನಾಲ್ಕು ದಿನದಿಂದ ಮಜ್ಜಿಗೆಗೂ ಬಂದಿಲ್ಲವಂತೆ.

ಆಗ ನಾನು ಯಾರಿಗೂ ಹೇಳದ ಒಂದು ಮಾತು ಹೇಳಿದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ನಾಗಮಂಗಲದಲ್ಲಿ, ಹೆರಿಗೆಯಾದ ಹುಡುಗಿಯೊಬ್ಬಳು ನೀರು ಕೇಳುತ್ತ ಆಕಳಿಸುತ್ತಿದ್ದಳು. ನಿದ್ದೆ ಬಂದಿದೆ, ಮಲಗಮ್ಮ ಎಂದು ಹೊದಿಕೆ ಹೊದಿಸಿ ಮುಂದಿನ ಮಂಚಕ್ಕೆ ಹೋದೆ. ಹೊದಿಕೆಯ ಕೆಳಗೆ ಅವಳ ರಕ್ತ ಹೋಗುತ್ತಿತ್ತು. ಎಬ್ಬಿಸಲು ಬಂದಾಗ ಏಳಲಿಲ್ಲ. ಸುತ್ತ ಹನ್ನೊಂದು ಮಂಚ, ಎಲ್ಲದರಲ್ಲೂ ಜನ, ಅವಳು ಒಬ್ಬಳೇ ಹೋದಳು.

"ರವೀಂದ್ರನೂ ಹಾಗೇ ಹೋದ ಅವ್ವಾ. ಎರಡು ತಾಸಿಗೂ ಹೆಚ್ಚು ಊರ ತುಂಬ ತಿರುಗಿದ. ನಿಮ್ಮೊಬ್ಬರಿಗೆ ಗೊತ್ತಾಯಿತು."

ಪುಟ್ಟತಾಯಮ್ಮ ಎದ್ದು ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದರು.

ಅಂಗಳದಲ್ಲಿ ಚಿಕ್ಕಸ್ವಾಮಿ ಹುಲ್ಲಿನ ಕಂತೆ ಹಿಡಿದುಕೊಂಡು ನಿಂತೇ ಇದ್ದ. ಎಮ್ಮೆ ಹಗ್ಗ ಜಗ್ಗುತ್ತಿತ್ತು. ನನ್ನನ್ನು ನೋಡಿ ನಕ್ಕು, ಕಾಫಿ ಕುಡಿದು ಹೋಗಿ ನರ್ಸಮ್ಮ ಎಂದ. ವಿನಯವಂತ. ಸ್ಕೂಟರಿನಲ್ಲಿ ಅಮ್ಮನ ಸೊಂಟ ಹಿಡಿದುಕೊಳ್ಳುತ್ತದೆ, ನಾನೇ ನಮ್ಮ ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಕೊಟ್ಟಿಗೆಯ ಹಿಂದಿನಿಂದ ನಾಲೆಯ ಏರಿಯ ದಾರಿ ಹಿಡಿದರೆ ಹತ್ತಿರ ಎಂದ. ನನಗೆ ಸಮಾಧಾನವಾಯಿತು. ಹೇಮಶ್ರೀಗೆ ಫೋನು ಮಾಡಿ ಸಾಕ್ಷಿ ಹೊರಟಿದೆ ಎಂದೆ.

ಬೈಕು ಹತ್ತುವ ಮುಂಚೆ ಅವನು ತಾಯಿಯನ್ನು ಕೇಳಿದ, "ಯಾರ್ ಒಡುದ್ರು ಅಂತ ಏನಾರ ಅಂದ್ನಾ ಅವ್ವ, ಅವ?"

"ನಾ ಕೇಳಾಂಗಿಲ್ವಲ್ಲ, ಅವನೂ ಏಳ್ನಿಲ್ಲ," ಎಂದರು ಪುಟ್ಟತಾಯಮ್ಮ.

ಆಮೇಲೆ ಏನೋ ನೆನಪಾಗಿ ಒಳಗೆ ಹೋಗಿ ಗೂಡಿನಿಂದ ಸ್ಟೀಲಿನ ಸಣ್ಣ ಬಟ್ಟಲು ತಂದು ನನ್ನ ಕೈಯಲ್ಲಿಟ್ಟರು. ಅದರ ತಳದಲ್ಲಿ ಇನ್ನೂ ಎಣ್ಣೆಯ ಪಸೆ ಇತ್ತು. ರವೀಂದ್ರ ತಂದದ್ದು. ತನಗೆ ಓದಲು ಬರುವುದಿಲ್ಲ, ಯಾರ ಮನೆಯದೋ ನೋಡಿ ಕೊಟ್ಟುಬಿಡು ಎಂದರು.

"ಅವನ್ಗೂ ನೋವು ಓಯ್ತಲ್ಲವ್ವ, ಇನ್ ಯಾಕ್ ಇಲ್ಲಿ."

ಬೈಕು ಹೊರಟಿತು. ಮೂರು ಗಂಟೆ. ಹೋಗುವಾಗ ಬಾಗಿಲ ಚಿಲಕ ಹಾಕಿ ಎಮ್ಮೆಗೆ ನೀರಿಡಲು ನನಗೆ ಹೇಳಿದ್ದರು. ಬಾವಿಕಟ್ಟೆಯಿಂದ ಬಕೆಟ್ಟು ತುಂಬಿಸಿಟ್ಟು, ಚಿಲಕ ಹಾಕಿ, ಖಾಲಿ ಅಂಗಳದಲ್ಲಿ ನಿಂತು ಬಟ್ಟಲನ್ನು ತಿರುಗಿಸಿ ನೋಡಿದೆ. ರವೀಂದ್ರ ಒಂಟಿ, ಕ್ರಷರಿನ ಶೆಡ್ಡಿನಲ್ಲಿ ಮಲಗಿ ಹೋಟೆಲಿನಲ್ಲಿ ಉಣ್ಣುತ್ತಿದ್ದವನು. ಅವನಿಗೆ ಹರಳೆಣ್ಣೆ ಬಟ್ಟಲು ಎಲ್ಲಿಂದ ಬರಬೇಕು.

ಪಾತ್ರೆ ಅಂಗಡಿಯ ಯಂತ್ರದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ. ನಾಲ್ಕು ದಿನದಿಂದ ತೊಳೆದು ಒರೆಸಿಟ್ಟ ಕ್ಯಾರಿಯರಿನ ಮುಚ್ಚಳದ ಮೇಲಿದ್ದ ಅದೇ ಹೆಸರು, ಅದೇ ಬಾಗು. ದೀಪ ತಿಮ್ಮೇಶ.

ರವೀಂದ್ರನನ್ನು ನೋಡಿ ಆರು ತಿಂಗಳಾಯಿತು ಎಂದು ದೀಪ ನನ್ನೆದುರು ಮಗುವಿನ ಮೇಲೆ ಆಣೆ ಇಟ್ಟಿದ್ದಳು.

ಓಣಿ ಉದ್ದಕ್ಕೂ ಕಾಲೆಳೆದುಕೊಂಡು ನಡೆದೆ. ಬಟ್ಟಲನ್ನು ಸೆರಗಿನ ಕೆಳಗಿಟ್ಟುಕೊಂಡು ನಾಲೆಗೆ ಎಸೆದರೂ ಕೇಳುವವರಿಲ್ಲ ಎಂಬ ಯೋಚನೆ ಬಂತು. ಬಂದದ್ದು ನಿಜ, ಮುಚ್ಚಿಡುವುದಿಲ್ಲ. ಇದನ್ನು ಅವಳ ಮುಂದಿಟ್ಟರೆ ನಾಳೆಯಿಂದ ನನ್ನ ಬಾಗಿಲು ತಟ್ಟುವವರು ಯಾರೂ ಇರುವುದಿಲ್ಲ.

ಹೊಂಗೆ ಮರದ ಕೆಳಗೆ ಅವಳು ನಿಂತಿದ್ದಳು. ಬಟ್ಟಲನ್ನು ಸ್ಕೂಟರಿನ ಸೀಟಿನ ಮೇಲಿಟ್ಟೆ.

ಅವಳು ಅದನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಶುರು ಮಾಡಿದಳು. ರವೀಂದ್ರ, ತಿಮ್ಮೇಶ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ರವೀಂದ್ರನಿಗೆ ಮನೆ ಅಂತ ಇದ್ದದ್ದು ಅವರದೊಂದೇ. ಊರವರು ಇಲ್ಲದ್ದು ಆಡಿಕೊಂಡರು, ತಿಮ್ಮೇಶ ಬರಬೇಡ ಎಂದ, ಅವನು ಬರುವುದು ನಿಲ್ಲಿಸಿದ. ಭಾನುವಾರ ಮೂರೂವರೆಗೆ ಬಾಗಿಲಿಗೆ ಬಂದು, ಮೈ ಚಳಿಯಾಗುತ್ತಿದೆ, ಸ್ವಲ್ಪ ಹೊತ್ತು ಕೂರಲಾ ಎಂದ. ಇವಳು ಕಂಬಳಿ ಕೊಟ್ಟಳು, ನೀರು ಕೊಟ್ಟಳು, ಎಣ್ಣೆ ಕೊಟ್ಟು ಪುಟ್ಟತಾಯಮ್ಮನ ಹತ್ತಿರ ಕಳಿಸಿದಳು. ಅವನು ಮನೆಯಿಂದ ಹೊರಬಿದ್ದದ್ದನ್ನು ಯಾರೋ ನೋಡಿ ತಿಮ್ಮೇಶನ ಕಿವಿಗೆ ಹಾಕಿದರು. ಅದಕ್ಕೇ ಅವನು ಬಸ್ ಸ್ಟಾಂಡಿಗೆ ಹೋಗಿ ನೂಕಿದ್ದು.

"ಮನೆಗ್ ಬಂದಿದ್ರು ಅಂತ ಏಳುದ್ರೆ, ಅದ್ಕೇ ಕೊಂದ ಅಂತ ಆಗೋಯ್ತಿತ್ತಲ್ಲ ಅಕ್ಕ," ಎಂದಳು.

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅಳು ಬಂತು. ಗಂಡನನ್ನು ಉಳಿಸಲೆಂದು ನಾಲ್ಕು ದಿನ ಬಚ್ಚಿಟ್ಟ ಮಾತೇ ಅವನನ್ನು ಉಳಿಸುವ ಮಾತಾಗಿತ್ತು. ಮೂರೂವರೆಗೇ ಚಳಿ, ಬಾಯಾರಿಕೆ. ಇಬ್ಬರು ಸಾಕ್ಷಿ. ಬಾ, ಈಗಲೇ ಹೋಗೋಣ ಎಂದು ಅವಳ ರಟ್ಟೆ ಹಿಡಿದೆ.

ಫೋನು ಬಡಿದುಕೊಂಡಿತು. ಹೇಮಶ್ರೀ.

"ಮೇಡಂ, ಮೂರೂ ನಲವತ್ತು. ಜೀಪು ಹೊರಟಿದೆ. ನಿಮ್ಮ ಸಾಕ್ಷಿ ಎಲ್ಲಿ?"

ಅವರು ಮೂರಕ್ಕೇ ಹೊರಟರಲ್ಲ, ಹೆಚ್ಚೆಂದರೆ ಇಪ್ಪತ್ತು ನಿಮಿಷದ ದಾರಿ, ಮಗ ಚಿಕ್ಕಸ್ವಾಮಿಯೇ ಕರೆದುಕೊಂಡು ನಾಲೆ ಏರಿಯ ಮೇಲೆ ಬರುತ್ತಿದ್ದಾನೆ ಎಂದೆ.

ನಾನು ಹಿಡಿದಿದ್ದ ರಟ್ಟೆ ತಣ್ಣಗಾಯಿತು. ದೀಪಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರ್ ಜತೆ ಕಳ್ಸುದ್ರಿ ಅಕ್ಕ?"

ನಾನು ಮತ್ತೆ ಆ ಹೆಸರು ಹೇಳಿದೆ. ಕಿವಿಯ ಹತ್ತಿರ ಹೇಮಶ್ರೀ ಹಲೋ ಹಲೋ ಎನ್ನುತ್ತಿದ್ದಳು.

"ರವೀಂದ್ರಣ್ಣ ಎಣ್ಣೆ ಈಸ್ಕೊಂಡು ಓಯ್ತಾ ನಗಾಡುದ್ರು," ಎಂದಳು ದೀಪ. "ಮಗ ಒಡ್ದುದ್ನ ಅವ್ವ ನೀವ್ಲಿ ಬುಡು, ಅಂದ್ರು."